ಮಷಿನ್ ಸುಮ್ನಾಗೋ ಆ 8 ಸೆಕೆಂಡ್

ಓದುಗರ ಪ್ರಶ್ನೆ, ಮನೋವೈದ್ಯರ ಉತ್ತರ. ಈ ಸಲ ಬಂದ ಪತ್ರದಾಗ ನಾಕು ಪತ್ರ ಒಂದ ವಿಷಯದ ಸುತ್ತ ಇದ್ವು, ಗುಳಿಗಿಗೆ ಬಗ್ಗದ ಡಿಪ್ರೆಶನ್, ತಲಿಗೆ ಕೊಡೋ ಮಷಿನ್ ಟ್ರೀಟ್‌ಮೆಂಟ್, ಅದರ ಕೂಡ ಧ್ಯಾನ. ಹಂಗಾಗಿ ಬ್ಯಾರೆ ಪ್ರಶ್ನೆ ಮುಂದಿನ ಸಲಕ್ಕ ಇಟ್ಟೇವಿ.

ಪ್ರಶ್ನೆ: ಮೇಡಂ ನಮಸ್ಕಾರ್ರಿ. ನಾವು ನರಗುಂದ ಕಡೆ ಹಳ್ಳ್ಯಾವ್ರು. ನಮ್ಮನಿಯವ್ರಿಗೆ ಈಗ 44. ನಾಕು ವರ್ಷ ಆತ್ರಿ, ಮನಷ್ಯಾ ಮೊದಲಿನಂಗ ಇಲ್ಲ. ಹೊಲದ ಕಡೆ ಹೋಗಂಗಿಲ್ಲ, ಮಂದ್ಯಾಗ ಕೂಡಂಗಿಲ್ಲ, ನಸುಕಿನ್ಯಾಗ ಮೂರು ಗಂಟೆಕ್ಕ ಎದ್ದು ಕಟ್ಟಿ ಮ್ಯಾಲ ಕುಂತ್ಬಿಡ್ತಾರ, ಏನಾತು ಅಂದ್ರ ಏನಿಲ್ಲ ಅಂತಾರ. ಹುಬ್ಬಳ್ಳ್ಯಾಗ ತೋರಸಾಕತ್ತೀವಿ, ಮೂರು ನಮೂನಿ ಗುಳಿಗಿ ಬದ್ಲ್ ಮಾಡ್ಯಾರ, ನಿದ್ದಿ ಒಂದೀಟು ಬರ್ತೈತಿ ಅಷ್ಟ, ಮಾರಿ ಮ್ಯಾಲಿನ ಕಳಿ ಬಂದಿಲ್ಲ. ಈಗ ಡಾಕ್ಟರ್ ತಲಿಗೆ ಮ್ಯಾಗ್ನೆಟ್ ಮಷಿನ್ ಇಟ್ಟು ಟ್ರೀಟ್‌ಮೆಂಟ್ ಮಾಡೋಣು, ಅದರ ಕೂಡ ಮೈಂಡ್‌ಫುಲ್‌ನೆಸ್ ಅಂತ ಒಂದು ಕಲಸ್ತೇವಿ ಅಂದಾರ. ನಮ್ಮತ್ತಿ ನನ್ನ ಮಗಗ ಕರೆಂಟ್ ಕೊಡ್ಸಾಕ ಬಿಡಂಗಿಲ್ಲ ಅಂತ ಅಳಾಕತ್ತಾರ, ಮೈದುನ ಮಷಿನ್ ಗಿಷಿನ್ ಬ್ಯಾಡ, 10 ದಿನದ ಮೌನದ ಶಿಬಿರಕ್ಕ ಕಳಸೋಣು, ಧ್ಯಾನ ಮಾಡಿದ್ರ ಎಲ್ಲಾ ಹೋಕ್ಕೈತಿ ಅಂತಾನ. ಯಾರ ಮಾತು ಕೇಳ್ಬೇಕು ತಿಳಿವಲ್ದು. ಎರಡೂ ಕೂಡಿ ಮಾಡಿದ್ರ ಏನರ ಜಾಸ್ತಿ ಉಪಯೋಗ ಐತೇನ್ರಿ? ಮತ್ತ ದಿನಾ ಹುಬ್ಬಳ್ಳಿಗೆ ಹೋಗಿ ಬರೋದಂದ್ರ ಹೊಲ-ಮನಿ ಯಾರು ನೋಡ್ಬೇಕು?
ಹೆಸರು ಬ್ಯಾಡ, ನರಗುಂದ ತಾಲೂಕು

ಉತ್ತರ: ಅಕ್ಕಾರ, ನಸುಕಿನ್ಯಾಗ ಮೂರಕ್ಕ ಎಚ್ಚರಾಗೋದು, ಮತ್ತ ನಿದ್ದಿ ಹತ್ತದ ಕಟ್ಟಿ ಮ್ಯಾಲ ಕೂಡೋದು, ಇದು ಡಿಪ್ರೆಶನ್ನಿನ ಹಳೇ ಗುರುತು ಅದ. ನಿಮ್ಮ ಯಜಮಾನ್ರು ಮೈಗಳ್ಳ ಆಗ್ಯಾರ ಅಂತ ಊರಾಗ ಯಾರರ ಅಂದಿದ್ರ ಆ ಮಾತು ಅಲ್ಲೇ ಬಿಟ್ಟು ಬರ್ರಿ. ಮಷಿನ್ ವಿಷಯಕ್ಕ ಬರೂಕಿಂತ ಮೊದ್ಲ ಒಂದು ಕೆಲಸ ಇವತ್ತ ಮಾಡ್ರಿ. ಹೊಲಕ್ಕ ಹೊಡಿಯೋ ಎಣ್ಣಿ ಡಬ್ಬಿ ಮನ್ಯಾಗ ಇದ್ರ ಕೀಲಿ ಹಾಕ್ರಿ, ಇಲ್ಲಾ ಬ್ಯಾರೆ ಮನಿಯಾಗ ಇಡ್ರಿ. ಮತ್ತ ಅವ್ರನ್ನ ನೇರ ಕೇಳ್ರಿ, ಸಾಯೋ ವಿಚಾರ ಬರ್ತೈತೇನು ಅಂತ. ಕೇಳಿದ್ರ ಇಲ್ಲದ್ದು ತಲಿಯಾಗ ಹಾಕಿದಂಗ ಆಕ್ಕೈತಿ ಅಂತ ಭಾಳ ಮಂದಿ ಹೆದರ್ತಾರ, ಹಂಗ ಆಗಂಗಿಲ್ರಿ, ಕೇಳಿದವ್ರ ಮುಂದ ಎದಿ ಹಗುರ ಆಕ್ಕೈತಿ. ಹೌದು ಅಂದ್ರ ಅವ್ರನ್ನ ಒಬ್ರನ್ನ ಬಿಡಬ್ಯಾಡ್ರಿ, ಅವತ್ತ ದವಾಖಾನಿಗೆ ಕರಕೊಂಡು ಹೋಗ್ರಿ. ರಾತ್ರಿ ಯಾರೂ ಸಿಗದಿದ್ರ 14416ಕ್ಕ ಫೋನ್ ಹಚ್ರಿ, ಸರ್ಕಾರದ ಟೆಲಿ ಮಾನಸ್ ಅದು, ಕನ್ನಡದಾಗ ಮಾತಾಡ್ತಾರ, ರೊಕ್ಕ ಇಲ್ಲ.

ಇನ್ನ ನಿಮ್ಮ ಡಾಕ್ಟರ್ ಹೇಳಿದ್ದು ಸುಮ್ಮನ ಹೇಳಿದ್ದಲ್ಲ. ಎರಡು ನಮೂನಿ ಗುಳಿಗಿಯನ್ನ ಪೂರ್ತಿ ಡೋಸಿನ್ಯಾಗ, ಕಡಿಮಿ ಅಂದ್ರೂ ಆರು ವಾರ ಒಂದೊಂದನ್ನ ನುಂಗಿದ ಮ್ಯಾಲೂ ಗುಣ ಕಾಣ್ಲಿಲ್ಲ ಅಂದ್ರ ಅದಕ್ಕ ನಾವು ಗುಳಿಗಿಗೆ ಬಗ್ಗದ ಡಿಪ್ರೆಶನ್ ಅಂತೇವಿ. ಅಮೆರಿಕಾದಾಗ 4000 ಮಂದಿ ಮ್ಯಾಲ ಒಂದು ದೊಡ್ಡ ಅಧ್ಯಯನ ಆತು, 2006ರಾಗ ಅದರ ಫಲಿತಾಂಶ ಬಂತು. ಮೊದಲನೇ ಗುಳಿಗಿಗೆ ಮೂರರಾಗ ಒಬ್ರು ಪೂರ್ತಿ ಚೊಲೊ ಆದ್ರು, ಆದ್ರ ಎರಡು ಗುಳಿಗಿ ಸೋತ ಮ್ಯಾಲ ಮೂರನೇದು ಕೊಟ್ರ 100ಕ್ಕ 14 ಮಂದಿಗೆ ಅಷ್ಟ ಹತ್ತಿತು. ಅಂದ್ರ ನಾಕನೇ ಗುಳಿಗಿ ಬರ್ದು ಕಳಸೂದಕ್ಕಿಂತ ಬ್ಯಾರೆ ದಾರಿ ಹುಡುಕೋದು ಶಾಣ್ಯಾತನ ಅಂತ ನಿಮ್ಮ ಡಾಕ್ಟರ್ ವಿಚಾರ ಮಾಡ್ಯಾರ. ಅದಕ್ಕೂ ಮೊದ್ಲ ಥೈರಾಯ್ಡ್, ಬಿ12, ರಕ್ತ ಕಡಿಮಿ ಐತೇನು ಅಂತ ನೋಡ್ಯಾರೋ ಇಲ್ಲೋ ಕೇಳ್ಕೊಳ್ರಿ, ಕುಡಿಯೋ ಚಟ ಇದ್ರ ಮುಚ್ಚಿಡಬ್ಯಾಡ್ರಿ, ಮತ್ತ ಯಾವಾಗರ ಇದರ ಉಲ್ಟಾ ಆಗಿ ವಾರಗಟ್ಲೆ ನಿದ್ದಿ ಬ್ಯಾಡ ಅಂತ ಓಡ್ಯಾಡಿ ರೊಕ್ಕ ಖರ್ಚು ಮಾಡಿದ್ದು ಐತೇನು ಅನ್ನೂದನ್ನೂ ಹೇಳ್ರಿ, ಯಾಕಂದ್ರ ಹಂಗಿದ್ರ ರೋಗ ಬ್ಯಾರೆ, ಔಷಧ ಬ್ಯಾರೆ.

ಈಗ ಅತ್ತಿಯವ್ರ ಅಂಜಿಕಿ. ಅವ್ರು ಶಾಕ್ ಅಂತ ತಿಳಕೊಂಡಾರ, ಇದು ಅದಲ್ಲ. ಇದಕ್ಕ ಟಿಎಂಎಸ್ ಅಂತಾರ. ಒಂದು ತಂತಿ ಸುರುಳಿಯೊಳಗ ಕರೆಂಟ್ ಫಟ್ಟನ ಹರಿಸಿದ್ರ ಸುತ್ತ ಮ್ಯಾಗ್ನೆಟ್ಟಿನ ಶಕ್ತಿ ಹುಟ್ಟತೈತಿ, ಅದು ಬದ್ಲಾದಂಗ ಹತ್ರ ಇದ್ದ ಇನ್ನೊಂದು ತಂತಿಯೊಳಗ ತಾನ ಕರೆಂಟ್ ಹುಟ್ಟತೈತಿ, ಇದನ್ನ ಫ್ಯಾರಡೆ 1831ರಾಗ ಕಂಡುಹಿಡಿದಿದ್ದ. 1985ರಾಗ ಇಂಗ್ಲೆಂಡಿನ ಶೆಫೀಲ್ಡ್ ಊರಾಗ ಆಂಟನಿ ಬಾರ್ಕರ್ ಅನ್ನೋರು ಮತ್ತವ್ರ ಜೋಡಿಯವ್ರು ಆ ಇನ್ನೊಂದು ತಂತಿ ಜಾಗಾದಾಗ ಮನಷ್ಯಾನ ಮೆದುಳು ಇಟ್ಟು ನೋಡಿದ್ರು, ತಲಿ ಮ್ಯಾಲ ಸುರುಳಿ ಹಿಡದ್ರ ಕೈ ತಾನ ಹಾರಿತು. 2008ರಾಗ ಅಮೆರಿಕಾದ ಔಷಧ ಇಲಾಖೆ ಇದನ್ನ ಡಿಪ್ರೆಶನ್ನಿಗೆ ಬಳಸಾಕ ಒಪ್ಪಿಗಿ ಕೊಟ್ಟಿತು. ಅರಿವಳಿಕಿ ಇಲ್ಲ, ಫಿಟ್ಸ್ ಬರಸೂದಿಲ್ಲ, ಮನಷ್ಯಾ ಖುರ್ಚಿ ಮ್ಯಾಲ ಎಚ್ಚರಾಗೇ ಕುಂತಿರ್ತಾನ, ಕಿವಿಗೆ ಬೆಂಡು ಹಾಕ್ತಾರ ಯಾಕಂದ್ರ ಸಪ್ಪಳ ಜೋರು ಇರ್ತೈತಿ, ಮುಗದ ಮ್ಯಾಲ ಎದ್ದು ಬಸ್ ಹತ್ತಿ ಊರಿಗೆ ಹೋಗಬಹುದು. ಮೊದಲನೇ ದಿನ ಅತ್ತಿಯವ್ರನ್ನ ಸಂಗಟ ಕರಕೊಂಡು ಹೋಗ್ರಿ. ಎಷ್ಟು ಶಕ್ತಿ ಕೊಡ್ಬೇಕು ಅಂತ ಅಳಿಯೂ ಸಲುವಾಗಿ ಮಗನ ಬಲಗೈ ಹೆಬ್ಬಟ್ಟು ಸಣ್ಣಗ ಹಾರೋವರೆಗೂ ನೋಡ್ತಾರ, ಮಗ ನಗನಗತಾ ಕುಂತಾಗ ಬರೇ ಹೆಬ್ಬಟ್ಟು ಹಾರೂದನ್ನ ತಾಯಿ ಕಣ್ಣಾರೆ ನೋಡಿದ್ರ ಅರ್ಧ ಅಂಜಿಕಿ ಅಲ್ಲೇ ಹೋಕ್ಕೈತಿ, ಇದನ್ನ ನಾನು ಎಷ್ಟೋ ಮನಿಯವ್ರೊಳಗ ಕಂಡೇನಿ.

ತ್ರಾಸು ಏನೂ ಇಲ್ಲ ಅಂತ ಹೇಳಂಗಿಲ್ಲ. ತಲಿನೋವು ಬರಬಹುದು, ಸುರುಳಿ ಇಟ್ಟಲ್ಲಿ ಚುರುಚುರು ಅಂತೈತಿ, ಒಂದು ವಾರದಾಗ ರೂಢಿ ಆಕ್ಕೈತಿ. ಫಿಟ್ಸ್ ಬರೋದು ಭಾಳ ಅಪರೂಪ, 1000 ಮಂದಿಯೊಳಗ ಒಬ್ರಿಗಿಂತ ಕಡಿಮಿ, ಆದ್ರೂ ಹಿಂದ ಫಿಟ್ಸ್ ಬಂದಿದ್ರ, ತಲಿಯಾಗ ಲೋಹದ ತುಣುಕು ಇದ್ರ, ಕಿವಿಯೊಳಗ ಇಂಪ್ಲಾಂಟ್, ಎದಿಯಾಗ ಪೇಸ್‌ಮೇಕರ್ ಇದ್ರ ಮೊದ್ಲ ಹೇಳ್ಬೇಕು. ಹಿಂದಿನ ರಾತ್ರಿ ನಿದ್ದಿಗೆಟ್ಟಿದ್ರೂ ಹೇಳ್ಬೇಕು, ಅದು ಸಣ್ಣ ಮಾತಲ್ಲ. ಗುಳಿಗಿಗೆ ಬಗ್ಗದವ್ರೊಳಗ ಸುಮಾರು ಅರ್ಧ ಮಂದಿಗೆ ಇದರಿಂದ ಕಣ್ಣಿಗೆ ಕಾಣೋವಷ್ಟು ಸುಧಾರಣಿ ಬರ್ತೈತಿ, ಮೂರರಾಗ ಒಬ್ರು ಹತ್ರ ಹತ್ರ ಪೂರ್ತಿ ಚೊಲೊ ಆಕ್ಕಾರ. ಉಳದವ್ರಿಗೆ ಆಗಂಗಿಲ್ಲ, ಅದನ್ನೂ ಮೊದ್ಲ ತಿಳಕೊಂಡು ಹೋಗೋದು ಚೊಲೊ.

ಇನ್ನ ನೀವು ಕೇಳಿದ ಅಸಲಿ ಪ್ರಶ್ನೆ, ಎರಡೂ ಕೂಡಿ ಯಾಕ? ಗಾಣದ ಎತ್ತು ನೆನಸ್ಕೊಳ್ರಿ. ಕಣ್ಣಿಗೆ ಪಟ್ಟಿ ಕಟ್ಟಿರ್ತಾರ, ಸುತ್ತಿದ್ದ ಸುತ್ತತೈತಿ. ಡಿಪ್ರೆಶನ್ ಒಳಗ ಮನಸು ಹಂಗ, ಸಾಲ, ಆಗಿಹೋದ ಮಾತು, ನಾನು ಯಾತಕ್ಕೂ ಬಾರದವ ಅನ್ನೂ ಒಂದ ವಿಚಾರದ ಸುತ್ತ ತಿರಗತೈತಿ, ನಸುಕಿನ್ಯಾಗ ಕಟ್ಟಿ ಮ್ಯಾಲ ಅವ್ರು ಮಾಡೂದು ಇದ ಕೆಲಸ. ಮೆದುಳಿನ್ಯಾಗ ಸುಮ್ಮನ ಕುಂತಾಗ ತನ್ನ ಬಗ್ಗೆ ವಿಚಾರ ಮಾಡೋ ಒಂದು ಜಾಲ ಐತಿ, ಅದು ಅತಿಯಾಗಿ ಓಡತಿರ್ತೈತಿ, ಮತ್ತ ಎಡಗಡೆ ಹಣಿ ಹಿಂದಿನ ಭಾಗ, ಗಮನ ಎಲ್ಲಿ ಇಡ್ಬೇಕು ಅನ್ನೂದನ್ನ ನೋಡ್ಕೊಳ್ಳೂ ಭಾಗ, ಅದು ಮಂದ ಆಗಿರ್ತೈತಿ. ಟಿಎಂಎಸ್ ಸುರುಳಿ ಇಡೋದು ಆ ಎಡಗಡೆ ಹಣಿ ಭಾಗದ ಮ್ಯಾಲೇ. ಮೈಂಡ್‌ಫುಲ್‌ನೆಸ್ ಕಲಸೋದೂ ಅದ ಕೆಲಸಾನ, ಮನಸು ಗಾಣಕ್ಕ ಹೋಗೇತಿ ಅಂತ ಗೊತ್ತು ಮಾಡ್ಕೊಳ್ಳೋದು, ಬೈಯದ ಹೊಡಿಯದ ಅದನ್ನ ಉಸುರಿನ ಕಡೆ ವಾಪಸ್ ಕರಕೊಂಡು ಬರೋದು, ಮತ್ತ ಹೋಗತೈತಿ, ಮತ್ತ ಕರಕೊಂಡು ಬರೋದು. ಒಂದು ಹೊರಗಿನಿಂದ, ಒಂದು ಒಳಗಿನಿಂದ, ಜಾಗ ಹತ್ರ ಹತ್ರ ಒಂದ. ಮತ್ತೊಂದು ಮಾತು, ಮಷಿನ್ ನಡದಾಗ ಮೆದುಳು ಏನು ಮಾಡ್ತಿರ್ತೈತಿ ಅನ್ನೂದರ ಮ್ಯಾಲೆ ಅದರ ಪರಿಣಾಮ ಬದ್ಲಾಕ್ಕೈತಿ ಅಂತ ಕಂಡುಬಂದೈತಿ. ಹಂಗಾಗಿ ಖುರ್ಚಿ ಮ್ಯಾಲ ಕುಂತು ಸಾಲದ ಲೆಕ್ಕ ಹಾಕ್ಕೋತ ಮಷಿನ್ ಹಚ್ಚಿಸ್ಕೊಳ್ಳೋದಕ್ಕೂ ಉಸುರಿನ ಮ್ಯಾಲ ಗಮನ ಇಟ್ಟು ಹಚ್ಚಿಸ್ಕೊಳ್ಳೋದಕ್ಕೂ ವ್ಯತ್ಯಾಸ ಇರಬೇಕು ಅನ್ನೋದು ಈ ಕೂಡಿಸೋ ವಿಚಾರದ ಬುಡ.

ನನಗ ಭಾಳ ಮನಸಿಗೆ ಹತ್ತಿದ್ದು ಒಂದು ಐತಿ. ಟಿಎಂಎಸ್ ಒಳಗ ಈಗ ಭಾಳ ಕಡೆ ಮಾಡೋದು ಥೀಟಾ ಬರ್ಸ್ಟ್ ಅನ್ನೋ ನಮೂನಿ, ಅದರ ಒಂದು ಸಿಟ್ಟಿಂಗ್ ಮೂರು ನಿಮಿಷದ ಮ್ಯಾಲ ಸ್ವಲ್ಪ, ಅಷ್ಟ. ಹಳೇ ನಮೂನಿಗೆ ಮುಕ್ಕಾಲು ತಾಸಿನ ಹತ್ರ ಬೇಕಾಗ್ತಿತ್ತು, ಎರಡೂ ಸಮಾ ಕೆಲಸ ಮಾಡ್ತಾವು ಅಂತ 2018ರಾಗ ಕೆನಡಾದ ದೊಡ್ಡ ಅಧ್ಯಯನ ತೋರಿಸ್ತು. ಈ ಮೂರು ನಿಮಿಷದಾಗ ಮಷಿನ್ 2 ಸೆಕೆಂಡ್ ಟರ್ ಟರ್ ಅಂತೈತಿ, 8 ಸೆಕೆಂಡ್ ಸುಮ್ನಾಕ್ಕೈತಿ, ಮತ್ತ ಟರ್ ಟರ್, ಹಿಂಗ 20 ಸಲ. ಇತ್ಲಾಗ ಡಿಪ್ರೆಶನ್ನಿಗಂತ ತಯಾರಾದ ಮೈಂಡ್‌ಫುಲ್‌ನೆಸ್ ಕೋರ್ಸ್ ಒಳಗೂ ಮೂರು ನಿಮಿಷದ ಉಸುರಿನ ಅಭ್ಯಾಸ ಅಂತ ಒಂದು ಐತಿ, ಮೊದ್ಲ ಒಳಗ ಏನು ನಡದೈತಿ ನೋಡೋದು, ಆಮ್ಯಾಲ ಉಸುರು, ಆಮ್ಯಾಲ ಇಡೀ ಮೈ. ಯಾರೂ ಅಳತಿ ಹಚ್ಚಿ ಕೂಡಿಸಿದ್ದಲ್ಲ, ಆದ್ರೂ ಎರಡೂ ಮೂರು ನಿಮಿಷಾನ! ನನ್ನ ಕಡೆ ಬರೋರಿಗೆ ನಾನು ಹೇಳೋದು, ಟರ್ ಟರ್ ಅಂದಾಗ ತಲಿ ಮ್ಯಾಲಿನ ಬಡತ ಎಲ್ಲಿ ಬೀಳತೈತಿ ಅಷ್ಟ ನೋಡ್ರಿ, ಬ್ಯಾಡ ಅಂತ ಹಲ್ಲು ಕಚ್ಚಬ್ಯಾಡ್ರಿ, ಸುಮ್ನಾದ 8 ಸೆಕೆಂಡಿನ್ಯಾಗ ಒಂದ ಒಂದು ಉಸುರು ಒಳಗ, ಹೊರಗ. ಧ್ಯಾನಕ್ಕ ಯಾವತ್ತೂ ಕುಂತವ್ರಲ್ಲದ ರೈತ್ರೂ ಇದನ್ನ ಎರಡು ದಿನದಾಗ ಹಿಡಿತಾರ, ಯಾಕಂದ್ರ 20 ಉಸುರು ಎಣಿಸೋದು ಯಾರಿಗೂ ಬರ್ತೈತಿ. ಇದನ್ನ ನಿಮ್ಮ ಡಾಕ್ಟರ್ ಕೂಡ ಮಾತಾಡಿ ಮಾಡ್ರಿ, ತಲಿ ಅಲುಗಾಡಿ ಸುರುಳಿ ಸರಿಬಾರ್ದು.

ಪುರಾವೆ ಎಷ್ಟು ಐತಿ ಅಂತ ನಿಚ್ಚಳ ಹೇಳ್ಬೇಕು. ಮಷಿನ್ನಿಗೆ ಅದರದ್ದ ಪುರಾವೆ ಗಟ್ಟಿ ಐತಿ, ಮೈಂಡ್‌ಫುಲ್‌ನೆಸ್‌ಗೂ ಅದರದ್ದು ಐತಿ. ಎರಡೂ ಕೂಡಿಸಿದ್ದಕ್ಕ ಇರೋದು ಸಣ್ಣ ಸಣ್ಣ ಪ್ರಯೋಗ. 2019ರಾಗ ಬೆಲ್ಜಿಯಂದವ್ರು ಗುಳಿಗಿಗೆ ಬಗ್ಗದವ್ರೊಳಗ ಬ್ಯಾರೆ ಒಂದು ನಮೂನಿ ಹಗುರ ಕರೆಂಟ್, ಟಿಡಿಸಿಎಸ್ ಅಂತಾರ, ಅದರ ಕೂಡ ಅರ್ಧ ಮಂದಿಗೆ ಮೈಂಡ್‌ಫುಲ್‌ನೆಸ್, ಅರ್ಧ ಮಂದಿಗೆ ಬರೇ ಮೈ ಸಡಿಲ ಮಾಡೋ ಅಭ್ಯಾಸ ಕೊಟ್ಟು ಹೋಲಿಸಿ ನೋಡಿದ್ರು, ಇದ್ದವ್ರು 30ರ ಆಸುಪಾಸು. ಅಷ್ಟರಿಂದ ದೊಡ್ಡ ಮಾತು ಆಡಾಕ ಬರಂಗಿಲ್ಲ. ಹಂಗಾಗಿ ಎರಡೂ ಕೂಡಿ ಪ್ಯಾಕೇಜ್, ಡಬಲ್ ರೊಕ್ಕ ಅಂತ ಯಾರರ ಅಂದ್ರ ಕೊಡಬ್ಯಾಡ್ರಿ. ಮಷಿನ್ನಿನ ಖರ್ಚಿನ್ಯಾಗ ಉಸುರಿನ ಅಭ್ಯಾಸ ಕಲಸ್ತೇವಿ ಅಂದ್ರ ಕಲೀರಿ, ನಷ್ಟ ಏನಿಲ್ಲ.

ಮೈದುನಗ ಏನು ಹೇಳ್ತೀರಿ? ಅವ ಅಣ್ಣನ ಮ್ಯಾಲಿನ ಮಾಯಾಕ್ಕ ಹೇಳ್ಯಾನ, ಬೈಯಬ್ಯಾಡ್ರಿ. ಆದ್ರ ಈಗ 10 ದಿನ ಮೌನದಾಗ, ದಿನಕ್ಕ ತಾಸುಗಟ್ಲೆ ಕಣ್ಣು ಮುಚ್ಚಿ ಕೂಡಸೋದು ಬ್ಯಾಡ. ರೋಗ ಜೋರು ಇದ್ದಾಗ ಒಳಗ ಗಾಣ ಅಷ್ಟು ಜೋರು ತಿರಗತಿರ್ತೈತಿ, ಮಾತಾಡಾಕ ಯಾರೂ ಇಲ್ಲದ ಜಾಗದಾಗ ಅದ ಗಾಣದ ಕೂಡ ಒಬ್ರನ್ನ ಬಿಟ್ಟಂಗ ಆಕ್ಕೈತಿ, ಕೆಲವ್ರಿಗೆ ಗಾಬರಿ ಜಾಸ್ತಿ ಆದದ್ದು ನಾನ ನೋಡೇನಿ. ಬಿರುಕು ಬಿಟ್ಟ ಎರಿ ಹೊಲದಾಗ ಕೂರಿಗಿ ಹೂಡಿದ್ರ ಬೀಜ ಹುಟ್ಟತೈತೇನ್ರಿ? ಮೊದ್ಲ ಮಳಿ ಬಿದ್ದು ಹದ ಬರಬೇಕು. ನನ್ನ ಲೆಕ್ಕದಾಗ ಗುಳಿಗಿ, ಮಷಿನ್ ಹದ ತರೂವು, ಮೈಂಡ್‌ಫುಲ್‌ನೆಸ್ ಬಿತ್ತಿಗಿ, ಮತ್ತ ಹದ ಬಂದಾಗ ಬಿತ್ತಲಿಲ್ಲ ಅಂದ್ರೂ ಹದ ಆರಿ ಹೋಕ್ಕೈತಿ. ಮೊದಲನೇ ಎರಡು ವಾರ ಖುರ್ಚಿ ಮ್ಯಾಲಿನ 20 ಉಸುರು ಸಾಕು. ಮಾರಿ ಮ್ಯಾಲ ಒಂದೀಟು ಕಳಿ ಬಂತು, ಊಟ ರುಚಿ ಹತ್ತಾಕತ್ತಿತು ಅಂದ ಮ್ಯಾಲ ದಿನಾ 10 ನಿಮಿಷ, ಆಮ್ಯಾಲ 20. ಕಣ್ಣು ಮುಚ್ಚಿದ್ರ ತ್ರಾಸು ಆಗತೈತಿ ಅಂದ್ರ ತೆರದು ಮಾಡ್ಲಿ, ಕೂಡಾಕ ಆಗಲಿಲ್ಲ ಅಂದ್ರ ಬದುವಿನ ಮ್ಯಾಲ ನಡಕೋತ ಅಂಗಾಲಿಗೆ ಮಣ್ಣು ಹೆಂಗ ಹತ್ತತೈತಿ ನೋಡ್ಕೋತ ಮಾಡ್ಲಿ. ಮತ್ತ ಗುಳಿಗಿ ತಾವ ಬಿಡಬಾರ್ದು, ಮಷಿನ್ ನಡದಾಗಂತೂ ಬಿಡಬಾರ್ದು, ಬದ್ಲ್ ಸುದ್ದಾ ಹೇಳದ ಮಾಡಬಾರ್ದು.

ಹೋಗಿ ಬರೋದು: ವಾರಕ್ಕ 5 ದಿನ, 4ರಿಂದ 6 ವಾರ, ಅಂದ್ರ 20-30 ಸಿಟ್ಟಿಂಗ್. ಸುಗ್ಗಿ, ಬಿತ್ತಿಗಿ ಇಲ್ಲದ ತಿಂಗಳು ನೋಡ್ರಿ, ಹುಬ್ಬಳ್ಳ್ಯಾಗ ಬೀಗರ ಮನಿ ಇದ್ರ ಅಲ್ಲಿ ಇಟ್ಟು ಶನಿವಾರ ಊರಿಗೆ ಬರ್ಲಿ. ನಡುವ ಬಿಟ್ಟು ಬಿಟ್ಟು ಮಾಡಿದ್ರ ರೊಕ್ಕ ನೀರಾಗ ಹಾಕಿದಂಗ. ದಿನಕ್ಕ 10 ಸಿಟ್ಟಿಂಗ್, ನಡುವ 50 ನಿಮಿಷ ಬಿಡುವು, 5 ದಿನದಾಗ ಮುಗಸೋ ನಮೂನಿಗೂ 2022ರಾಗ ಅಮೆರಿಕಾದಾಗ ಒಪ್ಪಿಗಿ ಸಿಕ್ಕೈತಿ, ಸ್ಟ್ಯಾನ್‌ಫರ್ಡ್‌ನವ್ರು ತಯಾರು ಮಾಡಿದ್ದು, ಆದ್ರ ಅದಕ್ಕ ಎಂಆರ್‌ಐ ನೋಡಿ ಜಾಗ ಗುರುತು ಮಾಡ್ತಾರ, ಖರ್ಚು ಜಾಸ್ತಿ. ಧಾರವಾಡದ ಸರ್ಕಾರಿ ಮಾನಸಿಕ ದವಾಖಾನಿ ಡಿಮ್ಹಾನ್ಸ್‌ದಾಗ ಒಮ್ಮೆ ತೋರಿಸಿ ಎರಡನೇ ಅಭಿಪ್ರಾಯ ಕೇಳ್ರಿ ಅಂತ ನಾನು ಗಟ್ಟಿಯಾಗಿ ಹೇಳ್ತೇನಿ. ಗುಳಿಗಿ ತರಾಕ, ನಡುವ ತೋರಸಾಕ ಪ್ರತಿ ಸಲ ಅಷ್ಟು ದೂರ ಬ್ಯಾಡ, ಮನೋಚೈತನ್ಯ ಅಂತ ಮಂಗಳವಾರ ತಾಲೂಕು ದವಾಖಾನಿಗೆ ಮನೋವೈದ್ಯರು ಬರೋ ವ್ಯವಸ್ಥಾ ಐತಿ, ಕೇಳ್ರಿ. ಇನ್ಶೂರೆನ್ಸ್ ಇದ್ರ 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಮೈ ಬ್ಯಾನಿಗೆ ಹೆಂಗೋ ಮನಸಿನ ಬ್ಯಾನಿಗೂ ಹಂಗ ವಿಮೆ ಕೊಡಬೇಕು, ಇಲ್ಲ ಅಂದ್ರ ಬಾಯಿ ಮಾತು ಬ್ಯಾಡ, ಬರವಣಿಗಿಯೊಳಗ ಕೊಡ್ರಿ ಅನ್ರಿ.

ಪ್ರಶ್ನೆ: ನಮ್ಮಪ್ಪಾರಿಗೆ 68. ಊಟ ನೀರು ಬಿಟ್ಟು ಮಲಗ್ಯಾರ, ನನ್ನ ಕರುಳು ಕೊಳತಾವು ಅಂತಾರ. ಡಾಕ್ಟರ್ ಶಾಕ್ ಕೊಡೋಣು ಅಂದಾರ. ಅದರ ಬದಲಿ ಮ್ಯಾಗ್ನೆಟ್ ಮತ್ತ ಧ್ಯಾನ ಮಾಡಿಸಬಹುದೇನ್ರಿ?
ಬ್ಯಾಡಗಿ, ಹಾವೇರಿ ಜಿಲ್ಲಾ

ಉತ್ತರ: ತಮ್ಮಾ, ಈ ಹೊತ್ತಿನ್ಯಾಗ ಬ್ಯಾಡ. ಊಟ ನೀರು ಬಿಟ್ಟಾರ ಅಂದ್ರ ನಾಕು ವಾರ ಕಾಯೋ ಸಮಯ ಇಲ್ಲ, ಕರುಳು ಕೊಳತಾವು ಅನ್ನೋ ಗಟ್ಟಿ ನಂಬಿಕಿ ಬಂದ ಡಿಪ್ರೆಶನ್ನಿಗೆ ಇಸಿಟಿ, ಅಂದ್ರ ನೀವು ಹೇಳೋ ಶಾಕ್, ಅದರಷ್ಟು ಬಲವಾದ ಟ್ರೀಟ್‌ಮೆಂಟ್ ಇನ್ನೊಂದಿಲ್ಲ. ಹಿಂದಿನ ಕಾಲದಂಗ ಕೈಕಾಲು ಹಿಡದು ಕೊಡಂಗಿಲ್ಲ, ಅರಿವಳಿಕಿ ಮತ್ತ ಸ್ನಾಯು ಸಡಿಲ ಮಾಡೋ ಔಷಧ ಇಲ್ಲದ ಕೊಡೋದನ್ನ 2017ರ ಕಾಯ್ದೆನ ನಿಷೇಧ ಮಾಡೇತಿ. ಕೆಲವು ದಿನದ ನೆನಪು ಮಸುಕು ಆಗಬಹುದು, ಬಹಳ ಮಟ್ಟಿಗೆ ವಾಪಸ್ ಬರ್ತೈತಿ. ಈ ಪತ್ರಿಕಿ ಕೈಗೆ ಬರೂಕಿಂತ ಮೊದ್ಲ ನೀವು ಅಡ್ಮಿಟ್ ಮಾಡಿರ್ತೀರಿ ಅಂತ ನಂಬೇನಿ, ನಿಮಗ ಬ್ಯಾರೆಯಾಗಿ ಉತ್ತರಾನೂ ಕಳಿಸೇನಿ.

ಪ್ರಶ್ನೆ: ನಾನು ಹುಬ್ಬಳ್ಳ್ಯಾಗ ಸಾಲಿ ಟೀಚರ್. ಮೂರು ಸಲ ಡಿಪ್ರೆಶನ್ ಬಂದು ಹೋಗೇತಿ. ಹೋದ ವರ್ಷ ಟಿಎಂಎಸ್ ಆತು, ಈಗ ಆರಾಮ ಅದೇನಿ. ಆದ್ರ ಒಂದು ದಿನ ಬ್ಯಾಸರ ಆದ್ರ ಸಾಕು, ಮತ್ತ ಬಂತೇನೋ ಅಂತ ಕೈಕಾಲು ತಣ್ಣಗಾಕ್ಕಾವು.

ಉತ್ತರ: ಟೀಚರ್, ಮೈಂಡ್‌ಫುಲ್‌ನೆಸ್ ಕೋರ್ಸ್ ಹುಟ್ಟಿದ್ದ ನಿಮ್ಮಂಥವ್ರ ಸಲುವಾಗಿ. ಸೀಗಲ್, ವಿಲಿಯಮ್ಸ್, ಟೀಸ್‌ಡೇಲ್ ಅನ್ನೋ ಮೂವರು ಇದನ್ನ ತಯಾರು ಮಾಡಿದ್ದು ಹಾಸಿಗಿ ಹಿಡದವ್ರಿಗಲ್ಲ, ಗುಣ ಆಗಿ ಮತ್ತ ಬೀಳೋ ಅಂಜಿಕಿ ಇದ್ದವ್ರಿಗೆ. 8 ವಾರ, ವಾರಕ್ಕ ಒಂದು ಕ್ಲಾಸು, ದಿನಾ ಮನ್ಯಾಗ ಅಭ್ಯಾಸ. ಮೂರು ಇಲ್ಲಾ ಜಾಸ್ತಿ ಸಲ ಬಂದವ್ರೊಳಗ ಮತ್ತ ಬರೋದು ಕಡಿಮಿ ಆಕ್ಕೈತಿ ಅಂತ 2000ದಾಗ ಕಂಡ್ರು. 2015ರಾಗ ಇಂಗ್ಲೆಂಡಿನ್ಯಾಗ ಗುಳಿಗಿ ಮುಂದುವರಿಸಿದವ್ರನ್ನೂ ಈ ಕೋರ್ಸ್ ಮಾಡಿ ಡಾಕ್ಟರ್ ನಿಗಾದಾಗ ಗುಳಿಗಿ ಇಳಿಸಿಕೊಂಡವ್ರನ್ನೂ ಎರಡು ವರ್ಷ ಹೋಲಿಸಿ ನೋಡಿದ್ರ ದೊಡ್ಡ ವ್ಯತ್ಯಾಸ ಕಾಣ್ಲಿಲ್ಲ. ಇದರ ಅರ್ಥ ನಾಳೆ ಗುಳಿಗಿ ಬಿಡ್ರಿ ಅಂತಲ್ಲ, ಡಾಕ್ಟರ್ ಕೂಡ ಕುಂತು ಮಾತಾಡಾಕ ನಿಮ್ಮ ಕೈಯಾಗ ಇನ್ನೊಂದು ದಾರಿ ಐತಿ ಅಂತ.

ಮೊದಲನೇ ಕ್ಲಾಸಿನ್ಯಾಗ ಒಂದು ಮನೂಕಾ ಕೈಯಾಗ ಕೊಟ್ಟು ಅದನ್ನ ನೋಡ್ರಿ, ಮೂಸ್ರಿ, ನಾಲಿಗಿ ಮ್ಯಾಲ ಇಡ್ರಿ, ಆಮ್ಯಾಲ ಕಚ್ರಿ ಅಂತಾರ. ನಮ್ಮ ಕಡೆ ಇನ್ನೂ ಚೊಲೊದು ಐತಿ, ರೊಟ್ಟಿ ಬಡಿಯೋದು. ಕೈಯಾಗಿನ ಹಿಟ್ಟಿನ ಬಿಸಿ, ಬಡತದ ಸಪ್ಪಳ, ಹಂಚಿನ ಮ್ಯಾಲ ಉಬ್ಬೋದು, ಒಂದ ಒಂದು ರೊಟ್ಟಿ ಹಂಗ ಮಾಡ್ರಿ, ಉಳದವು ಎಂದಿನಂಗ ಮಾಡ್ರಿ. ಬ್ಯಾಸರ ಬಂದ ದಿನ ಮತ್ತ ಬಂತು ಅನ್ನೋ ವಿಚಾರ ಬರ್ತೈತಲ್ಲ, ಅದು ಬರೇ ಒಂದು ವಿಚಾರ, ರೋಗ ಅಲ್ಲ, ಆ ವಿಚಾರ ಬಂತು ನೋಡು ಅಂತ ಗುರ್ತು ಹಿಡಿಯೋದ ಅಭ್ಯಾಸದ ಮುಖ್ಯ ಕೆಲಸ. ಆದ್ರ ಎರಡು ವಾರ ದಿನಾ ಹಂಗ ಇದ್ರ ತಡ ಮಾಡದ ತೋರಸ್ರಿ, ಒಮ್ಮೆ ಟಿಎಂಎಸ್ ಹತ್ತಿದವ್ರಿಗೆ ಎರಡನೇ ಸಲಾನೂ ಹತ್ತೋದು ಜಾಸ್ತಿ.

ಪ್ರಶ್ನೆ: ಮೇಡಂ, ಧಾರವಾಡದಾಗ ಪಿಜಿ ಓದಾಕತ್ತೇನಿ. ಟಿಡಿಸಿಎಸ್ ಮಷಿನ್ ಆನ್‌ಲೈನ್ ತರಿಸೇನಿ, ವಿಡಿಯೋ ನೋಡಿ 9 ವೋಲ್ಟ್ ಬ್ಯಾಟರಿಯಿಂದ ಮಾಡ್ಕೊಂಡವ್ರೂ ಅದಾರ. ಹಚ್ಕೊಂಡು ಆ್ಯಪ್ ನೋಡಿ ಧ್ಯಾನ ಮಾಡ್ತೇನಿ. ಒಂದು ವಾರದಿಂದ ನಿದ್ದಿ ಬ್ಯಾಡ ಅನಸ್ತೈತಿ, ತಲಿ ಭಾಳ ಚುರುಕು ಆಗೇತಿ, ಇದು ಚೊಲೊದ ಹೌದಲ್ಲ?

ಉತ್ತರ: ಇವತ್ತ ನಿಲ್ಸು ತಮ್ಮಾ. ಟಿಡಿಸಿಎಸ್‌ನ್ಯಾಗ ಕೊಡೋದು 1ರಿಂದ 2 ಮಿಲಿಆಂಪಿಯರ್ ಅಷ್ಟ, ಅದು ಹಗುರ ಖರೆ, ಆದ್ರ ಬ್ಯಾಟರಿ ತಂತಿ ನೇರ ಹಚ್ಚಿದ್ರ ಕರೆಂಟ್ ಎಷ್ಟು ಹರದೈತಿ ಅನ್ನೋ ಲೆಕ್ಕ ಇರಂಗಿಲ್ಲ, ಸ್ಪಂಜ್ ಒಣಗಿದ್ರ ಚರ್ಮ ಸುಡತೈತಿ, ಎಡ ಬಲ ಅದಲಾ ಬದಲಾ ಆದ್ರ ಪರಿಣಾಮಾನ ಬ್ಯಾರೆ. ವಿದೇಶದಾಗ ಮನ್ಯಾಗ ಹಚ್ಕೊಳ್ಳೋ ಪ್ರಯೋಗ ಆಗ್ಯಾವು, ಆದ್ರ ಅಲ್ಲಿ ಡಾಕ್ಟರ್ ಮೊದ್ಲ ಪರೀಕ್ಷಾ ಮಾಡಿರ್ತಾರ, ಆಮ್ಯಾಲೂ ವಿಡಿಯೋದಾಗ ನೋಡ್ತಿರ್ತಾರ. ನನಗ ಮಷಿನ್ನಿಗಿಂತ ಜಾಸ್ತಿ ಚಿಂತಿ ಆದದ್ದು ನಿನ್ನ ಕಡೀ ಸಾಲು. ನಿದ್ದಿ ಬ್ಯಾಡ ಅನಸೋದು, ತಲಿ ಚುರುಕು ಅನಸೋದು ಗುಣ ಆದದ್ದರ ಗುರ್ತು ಇರಾಕಿಲ್ಲ, ಇದು ಉನ್ಮಾದದ, ಅಂದ್ರ ಡಿಪ್ರೆಶನ್ನಿನ ಉಲ್ಟಾ ಮನಸು ಅತಿಯಾಗಿ ಏರೋ ಬ್ಯಾನಿಯ, ಮೊದಲ ಮೆಟ್ಟಲು ಇರಬಹುದು, ಮೆದುಳಿಗೆ ಪ್ರಚೋದನೆ ಕೊಟ್ಟಾಗ, ಡಿಪ್ರೆಶನ್ ಗುಳಿಗಿ ತಗೊಂಡಾಗ ಕೆಲವ್ರಿಗೆ ಹಿಂಗ ಆಕ್ಕೈತಿ. ನಾಳೆ ಮುಂಜಾನಿ ಓಪಿಡಿಗೆ ಹೋಗು, ಮನಿಯವ್ರನ್ನ ಇಲ್ಲಾ ರೂಮ್‌ಮೇಟ್‌ನ ಕರಕೊಂಡು ಹೋಗು ಯಾಕಂದ್ರ ಈ ಬದಲಾವಣಿ ನಿನಗಿಂತ ಅವ್ರಿಗೆ ನಿಚ್ಚಳ ಕಂಡಿರ್ತೈತಿ, ಆ ಮಷಿನ್ನೂ ಚೀಲದಾಗ ಹಾಕ್ಕೊಂಡು ಹೋಗು, ಎಷ್ಟು ದಿನ, ಎಷ್ಟು ಹೊತ್ತು, ತಲಿಯ ಯಾವ ಜಾಗಕ್ಕ ಹಚ್ಕೊಂಡಿ ಅನ್ನೋದನ್ನ ಒಂದು ಚೀಟಿಯೊಳಗ ಬರದು ಡಾಕ್ಟರ್ ಕೈಯಾಗ ಕೊಡು.